ಬೆಳಕು ಆರುವ ಹೊತ್ತನ್ನು ಅಳೆದವರು

ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಗಣಪತಿಯನ್ನೋ ಮಕ್ಕಳ ಕೋಣೆಯ ಸೂರಿಗೆ ಅಂಟಿಸುವ ನಕ್ಷತ್ರಗಳನ್ನೋ ನೋಡದವರು ಕಡಿಮೆ. ದೀಪ ಆರಿಸಿದ ಮೇಲೂ ಅವು ಮಿನುಗುತ್ತಿರುತ್ತವೆ. ಮೊದಲು ಜೋರಾಗಿ, ಆಮೇಲೆ ಮಂಕಾಗಿ, ಕೊನೆಗೆ ಇದೆಯೋ ಇಲ್ಲವೋ ಎಂಬಷ್ಟು ಸಣ್ಣದಾಗಿ. ನೋಡುವವರಿಗೆ ಅದರ ಹೊಳಪೇ ಬೆರಗು. ಆದರೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಕೆಲವು ವಿಜ್ಞಾನಿಗಳು ತಲೆಕೆಡಿಸಿಕೊಂಡು ಕೂತದ್ದು ಬೇರೊಂದು ಪ್ರಶ್ನೆಯ ಮೇಲೆ. ಈ ಬೆಳಕು ಆರಲು ಎಷ್ಟು ಹೊತ್ತು ಹಿಡಿಯುತ್ತದೆ?

ಇದೆಂಥ ಪ್ರಶ್ನೆ ಎನಿಸಬಹುದು. ಸ್ವಲ್ಪ ಯೋಚಿಸಿದರೆ ಅದರ ಮಹತ್ವ ತಿಳಿಯುತ್ತದೆ. ವಸ್ತುವಿಗೆ ನಾವು ಬೆಳಕನ್ನೋ ವಿದ್ಯುತ್ತನ್ನೋ ಊಡಿಸುತ್ತೇವೆ. ಅದರೊಳಗಿನ ಕೆಲವು ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ಆ ಶಕ್ತಿಯನ್ನು ಹೀರಿ ಉದ್ರಿಕ್ತ ಸ್ಥಿತಿಗೆ ಏರುತ್ತವೆ. ಮತ್ತೆ ಇಳಿಯುವಾಗ ಆ ಶಕ್ತಿ ಬೆಳಕಾಗಿ ಹೊರಬಂದರೆ ಸರಿ. ಎಷ್ಟೋ ಸಲ ಹಾಗಾಗುವುದಿಲ್ಲ. ಒಂದು ಪಾಲು ಬೆಳಕಾದರೆ ಉಳಿದದ್ದು ಯಾರ ಗಮನಕ್ಕೂ ಬಾರದೆ ಶಾಖವಾಗಿ ಕರಗಿಹೋಗುತ್ತದೆ. ಆ ಸೋರಿಕೆ ಎಲ್ಲಿ, ಎಷ್ಟು ಎಂಬುದನ್ನು ಹೊಳಪು ನೋಡಿ ಹೇಳಲಾಗದು. ಹೊಳಪು ದೀಪದ ಜೋರನ್ನು, ವಸ್ತುವಿನ ಗಾತ್ರವನ್ನು, ನೋಡುವ ಕಣ್ಣನ್ನು ಅವಲಂಬಿಸಿದೆ. ಆರುವ ವೇಗಕ್ಕೆ ಇವು ಯಾವುದರ ಹಂಗೂ ಇಲ್ಲ. ತೂತಿನ ಕೊಡ ಎಷ್ಟು ಬೇಗ ಬರಿದಾಯಿತು ಎಂಬುದರಿಂದ ತೂತು ಎಷ್ಟು ದೊಡ್ಡದೆಂದು ಹೇಳಬಹುದಲ್ಲ, ಇದೂ ಹಾಗೆಯೇ. ಯುರೋಪಿಯಂ, ಟರ್ಬಿಯಂ, ನಿಯೋಡಿಮಿಯಂ, ಎರ್ಬಿಯಂ ಮುಂತಾದ ವಿರಳ ಭಸ್ಮ ಧಾತುಗಳ ವಿಷಯದಲ್ಲಿ ಈ ಅಳತೆ ಬಣ್ಣದ ಟಿ.ವಿ.ಯಿಂದ ಹಿಡಿದು ನವಜಾತ ಶಿಶುವಿನ ರಕ್ತ ತಪಾಸಣೆಯವರೆಗೆ ಬಂದು ಮುಟ್ಟಿತು. ಹೇಗೆ ಎಂಬುದು ಸ್ವಾರಸ್ಯದ ಕಥೆ.

ಕಥೆ ಆರಂಭವಾಗುವುದು ಪ್ಯಾರಿಸ್ಸಿನಲ್ಲಿ, ಅಲ್ಲಿನ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ. ಭೌತವಿಜ್ಞಾನದ ಪೀಠವನ್ನು ತಂದೆ, ಮಗ, ಮೊಮ್ಮಗ, ಮರಿಮಗ ಹೀಗೆ ನಾಲ್ಕು ತಲೆಮಾರು ಅಲಂಕರಿಸಿದ ಬೆಕೆರೆಲ್ ಮನೆತನದ ನೆಲೆ ಅದು. ವಿಕಿರಣಪಟುತ್ವವನ್ನು 1896ರಲ್ಲಿ ಕಂಡುಹಿಡಿದ ಆನ್ರಿ ಬೆಕೆರೆಲ್ ಹೆಸರು ಶಾಲಾ ಪುಸ್ತಕಗಳಲ್ಲಿದೆ. ಆತನ ತಂದೆ ಎಡ್ಮಂಡ್ ಬೆಕೆರೆಲ್ ಹೆಸರು ಅಷ್ಟು ಪರಿಚಿತವಲ್ಲ. ಬೆಳಕಿನಿಂದ ವಿದ್ಯುತ್ ಹುಟ್ಟುವ ವಿದ್ಯಮಾನವನ್ನು 1839ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲೇ ಗುರುತಿಸಿದ ಪ್ರತಿಭಾವಂತ ಈತ. ಇಂದಿನ ಸೌರ ಫಲಕಗಳ ಮೂಲ ಅಲ್ಲಿದೆ. ಮಗನ ಕೀರ್ತಿ ತಂದೆಯನ್ನು ಮರೆಸಿದ್ದು ಅನ್ಯಾಯವೆಂದೇ ಹೇಳಬೇಕು.

ಆ ಕಾಲದಲ್ಲಿ ಹೊಳೆಯುವ ವಸ್ತುಗಳನ್ನು ಎರಡು ಜಾತಿಯಾಗಿ ವಿಂಗಡಿಸಿದ್ದರು. ಬೆಳಕು ಬೀಳುತ್ತಿರುವಷ್ಟು ಹೊತ್ತು ಮಾತ್ರ ಹೊಳೆಯುವವು ಒಂದು. ಆಮೇಲೂ ಹೊಳೆಯುತ್ತಿರುವವು ಇನ್ನೊಂದು. ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ 1852ರಲ್ಲಿ ಕ್ವಿನೈನ್ ದ್ರಾವಣದ ನೀಲಿ ಹೊಳಪನ್ನು ಅಭ್ಯಸಿಸಿ ಮೊದಲ ಬಗೆಗೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟ. ನಮ್ಮ ಪಠ್ಯಪುಸ್ತಕಗಳ ಪ್ರತಿದೀಪ್ತಿ ಇದೇ. ಫ್ಲೋರ್‌ಸ್ಪಾರ್ ಎಂಬ ಖನಿಜವೂ ಹೀಗೇ ಹೊಳೆಯುತ್ತದೆಂದು ಆ ಹೆಸರು. ಇಲ್ಲೊಂದು ತಮಾಷೆಯ ಸಂಗತಿಯಿದೆ. ಆ ಖನಿಜದ ನೀಲಿ ಹೊಳಪಿಗೆ ಸಾಮಾನ್ಯವಾಗಿ ಕಾರಣ ಅದರೊಳಗೆ ಬೆರೆತ ಲವಲೇಶ ಯುರೋಪಿಯಂ. ಅಂದರೆ ಇಡೀ ವಿದ್ಯಮಾನಕ್ಕೆ ಹೆಸರು ಬಂದದ್ದೇ ಒಂದು ವಿರಳ ಭಸ್ಮ ಧಾತುವಿನ ದೆಸೆಯಿಂದ. ಸ್ಟೋಕ್ಸ್ ಹೆಸರಿಡುವಾಗ ಆ ಧಾತು ಇನ್ನೂ ಪತ್ತೆಯಾಗಿರಲಿಲ್ಲ. ಅದಕ್ಕೆ 1901ರವರೆಗೆ ಕಾಯಬೇಕಾಯಿತು.

ಎಡ್ಮಂಡ್ ಬೆಕೆರೆಲ್‌ಗೆ ಈ ವಿಂಗಡಣೆಯ ಮೇಲೇ ಅನುಮಾನ. ಬೆಳಕು ನಿಂತೊಡನೆ ಹೊಳಪೂ ನಿಂತಿತೆಂದು ಹೇಳುವುದು ನಮ್ಮ ಕಣ್ಣು. ಕಣ್ಣಿಗೆ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ತೀರ ಚಿಕ್ಕ ಅವಧಿ ಎಟುಕುವುದಿಲ್ಲ. ಅಷ್ಟರೊಳಗೆ ಏನಾದರೂ ನಡೆದಿದ್ದರೆ? ಇದನ್ನು ನೋಡಲೆಂದೇ 1857-58ರ ಸುಮಾರಿಗೆ ಆತ ಒಂದು ಯಂತ್ರ ಕಟ್ಟಿದ. ಹೆಸರು ಫಾಸ್ಫರೋಸ್ಕೋಪ್.

ಯಂತ್ರ ಸರಳವಾದುದು, ಊರ ಕಮ್ಮಾರನಿಗೂ ಅರ್ಥವಾಗುವಂಥದ್ದು. ಒಂದೇ ಅಚ್ಚಿಗೆ ಹೂಡಿದ ಎರಡು ಲೋಹದ ತಟ್ಟೆಗಳು. ಎರಡರಲ್ಲೂ ಸಮ ಅಂತರದಲ್ಲಿ ಕೊರೆದ ಕಿಂಡಿಗಳು. ಆದರೆ ಒಂದರ ಕಿಂಡಿಗೆ ಎದುರಾಗಿ ಇನ್ನೊಂದರ ಕಿಂಡಿ ಎಂದೂ ಬರದಂತೆ ಜೋಡಣೆ. ನಡುವೆ ಪರೀಕ್ಷಿಸಬೇಕಾದ ಹರಳು. ಎಲ್ಲವೂ ಕಪ್ಪು ಡಬ್ಬಿಯೊಳಗೆ. ಒಂದು ಪಕ್ಕದಿಂದ ಬಿಸಿಲು, ಇನ್ನೊಂದು ಪಕ್ಕದಲ್ಲಿ ನೋಡುವವನ ಕಣ್ಣು. ಹಿಡಿಕೆ ತಿರುಗಿಸಿದರೆ ಹಲ್ಲುಗಾಲಿಗಳ ನೆರವಿನಿಂದ ತಟ್ಟೆಗಳು ಭರದಿಂದ ಸುತ್ತುತ್ತವೆ. ಹಿಂದಿನ ಕಿಂಡಿ ತೆರೆದಾಗ ಹರಳಿಗೆ ಬಿಸಿಲು ಬೀಳುತ್ತದೆ. ಆಗ ಮುಂದಿನದು ಮುಚ್ಚಿರುತ್ತದೆ. ಹಿಂದಿನದು ಮುಚ್ಚಿ ಕ್ಷಣಾಂಶ ಕಳೆದ ಮೇಲೆ ಮುಂದಿನದು ತೆರೆಯುತ್ತದೆ. ಹೀಗಾಗಿ ಕಣ್ಣಿಗೆ ನೇರ ಬಿಸಿಲು ಒಂದಿಷ್ಟೂ ತಲುಪುವುದಿಲ್ಲ. ಏನಾದರೂ ಕಂಡರೆ ಅದು ಹರಳಿನ ಉಳಿಕೆ ಬೆಳಕೇ ಸರಿ. ವೇಗ ಹೆಚ್ಚಿಸಿದಷ್ಟೂ ಬಿಸಿಲು ಬಿದ್ದದ್ದಕ್ಕೂ ನೋಡಿದ್ದಕ್ಕೂ ನಡುವಿನ ಅಂತರ ಕಡಿಮೆ. ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಚಿಕ್ಕ ಅವಧಿಯವರೆಗೆ ಈ ಯಂತ್ರ ಇಳಿಯಬಲ್ಲದಾಗಿತ್ತು. ಎಲೆಕ್ಟ್ರಾನ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ, ಕೈಯಿಂದ ತಿರುಗಿಸುವ ಹಿಡಿಕೆಯಲ್ಲಿ ಇಷ್ಟು ಸಾಧಿಸಿದ್ದು ಸಣ್ಣ ಮಾತಲ್ಲ.

ಹಿಡಿಕೆ ತಿರುಗಿಸಿದಾಗ, ಬೆಳಕು ನಿಂತೊಡನೆ ಆರುತ್ತವೆಂದು ನಂಬಿದ್ದ ಎಷ್ಟೋ ವಸ್ತುಗಳು ಡಬ್ಬಿಯ ಕತ್ತಲಲ್ಲಿ ಬೆಳಗಿದವು. ಮಾಣಿಕ್ಯ ಕೆಂಡದಂತೆ ಕೆಂಪಾಯಿತು. ಯುರೇನಿಯಂ ಲವಣಗಳು ಹಸಿರಾದವು. ಕ್ವಿನೈನ್ ದ್ರಾವಣದಂಥ ದ್ರವಗಳು ಮಾತ್ರ ಆ ವೇಗಕ್ಕೆ ಸಿಕ್ಕುವಂಥವಲ್ಲ. ಅವುಗಳ ಹೊಳಪು ಸೆಕೆಂಡಿನ ಕೋಟಿಯಲ್ಲಿ ಕೆಲವು ಭಾಗದಷ್ಟು ಹೊತ್ತಿನಲ್ಲೇ ಮುಗಿದುಹೋಗುತ್ತದೆಂದು ನಮಗೀಗ ಗೊತ್ತು. ಎರಡು ಜಾತಿಗಳ ನಡುವಿನ ಗೋಡೆ ಬಹುಮಟ್ಟಿಗೆ ಕಾಲದ ಅಳತೆಯದಷ್ಟೇ ಎಂದು ಬೆಕೆರೆಲ್ ವಾದಿಸಿದ. ಮತ್ತೂ ಮುಂದುವರಿದು, ಕೆಲವು ವಸ್ತುಗಳ ಹೊಳಪು ಇಳಿಯುವುದಕ್ಕೆ ಒಂದು ಲೆಕ್ಕಾಚಾರವಿದೆಯೆಂದು ತೋರಿಸಿದ. ಇಷ್ಟು ಹೊತ್ತಿಗೆ ಅರ್ಧವಾದರೆ ಮತ್ತೆ ಅಷ್ಟೇ ಹೊತ್ತಿಗೆ ಅರ್ಧದ ಅರ್ಧ, ಮತ್ತಷ್ಟೇ ಹೊತ್ತಿಗೆ ಅದರರ್ಧ. ಉದ್ರಿಕ್ತ ಸ್ಥಿತಿಗೆ ಒಂದು ಸರಾಸರಿ ಆಯುಷ್ಯವಿದೆ, ಅದು ಆ ವಸ್ತುವಿನ ಸ್ವಂತ ಗುಣ ಎನ್ನುವುದು ಇದರ ತಾತ್ಪರ್ಯ.

ಇನ್ನು ವಿರಳ ಭಸ್ಮಗಳ ವಿಚಾರ. ಸ್ವೀಡನ್ನಿನ ಇಟ್ಟರ್‌ಬಿ ಎಂಬ ಹಳ್ಳಿಯ ಗಣಿಯಲ್ಲಿ 1787ರಲ್ಲಿ ಸಿಕ್ಕ ಕಪ್ಪು ಕಲ್ಲಿನಿಂದ ಆರಂಭವಾದ ಹುಡುಕಾಟ ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಈ ಧಾತುಗಳ ರಾಸಾಯನಿಕ ಗುಣ ಅವಳಿ ಮಕ್ಕಳಂತೆ ಒಂದೇ. ಒಂದೇ ಧಾತುವೆಂದು ಕೊಂಡಾಡಿದ್ದು ಎರಡಾಗಿ, ಮೂರಾಗಿ ಒಡೆಯುತ್ತಿತ್ತು. ಡಿಡಿಮಿಯಂ ಎಂದು ದಶಕಗಳ ಕಾಲ ಕರೆದದ್ದನ್ನು 1885ರಲ್ಲಿ ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಕ್ ನಿಯೋಡಿಮಿಯಂ, ಪ್ರೆಸಿಯೋಡಿಮಿಯಂ ಎಂದು ಬೇರ್ಪಡಿಸಿದ. ನಮ್ಮ ಹಳ್ಳಿಗಳ ಮದುವೆಗೂ ಬಯಲಾಟಕ್ಕೂ ಬೆಳಕಾದ ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದವನೂ ಇವನೇ. ಥೋರಿಯಂ ಆಕ್ಸೈಡಿಗೆ ನೂರಕ್ಕೊಂದು ಪಾಲು ಸೀರಿಯಂ ಬೆರೆಸಿದ ಬಲೆ ಅದು. ಅದಕ್ಕೆ ಬೇಕಾದ ಮೋನಜೈಟ್ ಮರಳು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ತಿರುವಾಂಕೂರಿನ ಕಡಲತೀರದಿಂದ ಯುರೋಪಿಗೆ ಹಡಗೇರುತ್ತಿತ್ತು. ಅದೇ ಮರಳನ್ನು ನಂಬಿ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. ಕೇರಳದ ಆಲುವಾದಲ್ಲಿ ಅದರ ಕಾರ್ಖಾನೆ ಬಂತು. ಗ್ಯಾಸ್‌ಲೈಟಿನದು ಕಾದ ಬಲೆಯ ಬೆಳಕು, ನಾವು ಮಾತಾಡುತ್ತಿರುವ ತಣ್ಣನೆಯ ಬೆಳಕಲ್ಲ. ಆದರೂ ಕನ್ನಡ ನಾಡಿನ ಬಹುಪಾಲು ಜನ ವಿರಳ ಭಸ್ಮವೊಂದರ ನೆರವಿನಿಂದ ರಾತ್ರಿ ಕಳೆದದ್ದು ಮೊದಲು ಅದರಡಿಯಲ್ಲೇ ಇರಬೇಕು.

ತಣ್ಣನೆಯ ಬೆಳಕಿನ ಬಗ್ಗೆ ಅದೇ ಹೊತ್ತಿಗೆ ದೊಡ್ಡ ಜಗಳ ನಡೆದಿತ್ತು. ಮಾಣಿಕ್ಯದ ಕೆಂಪು ಹೊಳಪು ಅದರ ಮೂಲದ್ರವ್ಯ ಅಲ್ಯೂಮಿನಾದ್ದೇ ಎಂದು ಬೆಕೆರೆಲ್ ನಂಬಿದ್ದ. ಅಲ್ಲ, ಅದರಲ್ಲಿ ಬೆರೆತ ಚಿಟಿಕೆ ಕ್ರೋಮಿಯಂನದು ಎಂದು ಸಮೇರಿಯಂ ಕಂಡುಹಿಡಿದ ಲೆಕಾಕ್ ದ ಬ್ವಾಬೊದ್ರಾಂ 1886-87ರಲ್ಲಿ ಪಟ್ಟು ಹಿಡಿದ. ಕ್ರೋಮಿಯಂ ತೆಗೆದುಹಾಕಿದ ಶುದ್ಧ ಅಲ್ಯೂಮಿನಾದಲ್ಲಿ ಆ ಕೆಂಪು ಕಾಣಲಿಲ್ಲ. ಗೆಲುವು ಲೆಕಾಕ್‌ನದಾಯಿತು. ಲಂಡನ್ನಿನಲ್ಲಿ ವಿಲಿಯಂ ಕ್ರೂಕ್ಸ್ ಇಟ್ರಿಯಂ ಮಾದರಿಗಳು ಸೂಸುವ ಬಗೆಬಗೆಯ ಬಣ್ಣದ ಗೆರೆಗಳನ್ನು ಕಂಡು, ಒಂದೊಂದು ಗೆರೆಯೂ ಒಂದೊಂದು ಹೊಸ ಉಪಧಾತುವಿನದೆಂದು ಭಾವಿಸಿ ದಾರಿ ತಪ್ಪಿದ. ಫ್ರಾನ್ಸಿನ ಜಾರ್ಜ್ ಯುರ್ಬೈನ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸಾವಿರಾರು ಸಲ ಸ್ಫಟಿಕೀಕರಿಸಿ ಶುದ್ಧಗೊಳಿಸಿದ ಮಾದರಿಗಳಿಂದ ಈ ಗೋಜಲನ್ನು ಬಿಡಿಸಿದ. ಒಂದು ವಿಚಿತ್ರವೂ ಅವನ ಕಣ್ಣಿಗೆ ಬಿತ್ತು. ಹೊಳೆಯುವ ಧಾತುವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋದರೆ ಹೊಳಪು ಒಂದು ಮಿತಿಯವರೆಗೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಅಡುಗೆಗೆ ಉಪ್ಪು ಹೆಚ್ಚಾದರೆ ಕೆಡುತ್ತದೆ, ನಿಜ. ದೀಪ ಹೆಚ್ಚಿಸಿದರೆ ಬೆಳಕು ಏಕೆ ಕಡಿಮೆಯಾಗಬೇಕು? ಈ ಪ್ರಶ್ನೆಗೆ ತಕ್ಕ ಉತ್ತರ ಸಿಗಲು ನಾಲ್ಕು ದಶಕ ಹಿಡಿಯಿತು.

ಅದಕ್ಕಿಂತ ಮೊದಲು ಈ ಅಯಾನುಗಳ ಸ್ವಭಾವ ಅರ್ಥವಾಗಬೇಕಿತ್ತು. ಆನ್ರಿಯ ಮಗ ಜಾನ್ ಬೆಕೆರೆಲ್ 1906ರಿಂದಾಚೆಗೆ ವಿರಳ ಭಸ್ಮಗಳಿರುವ ಖನಿಜಗಳನ್ನು ದ್ರವ ಗಾಳಿಯಲ್ಲಿ, ಆಮೇಲೆ ಹಾಲೆಂಡಿನ ಲೈಡನ್‌ನಲ್ಲಿ ಇನ್ನೂ ತಣ್ಣನೆಯ ದ್ರವಗಳಲ್ಲಿ ಅದ್ದಿ ರೋಹಿತ ತೆಗೆದ. ಘನವಸ್ತುಗಳಲ್ಲಿ ಸಾಮಾನ್ಯವಾಗಿ ಅಗಲವಾದ ಮಸುಕು ಪಟ್ಟಿಗಳು ಕಾಣಬೇಕು. ಇಲ್ಲಿ ಕಂಡದ್ದು ಅನಿಲಗಳಲ್ಲಿ ಕಾಣುವಂಥ ಕೂದಲೆಳೆಯ ಗೆರೆಗಳು. ಕಾರಣ ಆಮೇಲೆ ತಿಳಿಯಿತು. ಈ ಅಯಾನುಗಳಲ್ಲಿ ಬೆಳಕಿನ ಕೆಲಸ ಮಾಡುವ ಎಲೆಕ್ಟ್ರಾನುಗಳು ಹೊರಗಿನ ಕವಚದೊಳಗೆ ಹುದುಗಿವೆ. ಸುತ್ತಲಿನ ಹರಳಿನ ಗದ್ದಲ ಅವಕ್ಕೆ ಹೆಚ್ಚು ಕೇಳಿಸುವುದಿಲ್ಲ. ಅಷ್ಟೇ ಅಲ್ಲ, ಕ್ವಾಂಟಂ ನಿಯಮಗಳ ಪ್ರಕಾರ ಅವು ಬೆಳಕು ಸೂಸಿ ಕೆಳಗಿಳಿಯುವುದಕ್ಕೆ ಹೆಚ್ಚುಕಡಿಮೆ ನಿಷೇಧವಿದೆ. ಹರಳಿನ ಅಲ್ಪಸ್ವಲ್ಪ ತಂಟೆಯಿಂದ ಆ ನಿಷೇಧ ತುಸು ಸಡಿಲವಾಗುತ್ತದೆ. ಅಮೆರಿಕದ ವಾನ್ ವ್ಲೆಕ್ 1937ರಲ್ಲಿ ಇದನ್ನು ಒಗಟೆಂದೇ ಕರೆದು ಚರ್ಚಿಸಿದ. ಬ್ರಯಾನ್ ಜಡ್ ಮತ್ತು ಜಾರ್ಜ್ ಒಫೆಲ್ಟ್ ಎಂಬಿಬ್ಬರು ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ 1962ರ ಆಗಸ್ಟ್ ತಿಂಗಳಲ್ಲೇ ಅದರ ಗಣಿತ ಪ್ರಕಟಿಸಿದರು. ಸಾದಾ ಬಣ್ಣದ್ರವ್ಯವೊಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗ ಹೊತ್ತಿನಲ್ಲಿ ಬೆಳಕು ಚೆಲ್ಲಿ ಮುಗಿಸಿದರೆ ಯುರೋಪಿಯಂ ಸೆಕೆಂಡಿನ ಸಾವಿರದ ಒಂದು ಭಾಗ, ಅಂದರೆ ಒಂದು ಮಿಲಿಸೆಕೆಂಡಿನಷ್ಟು ಕಾಯುತ್ತದೆ. ಪರಮಾಣು ಲೋಕದಲ್ಲಿ ಇದು ಯುಗಯುಗ.

ಇಷ್ಟು ದೀರ್ಘಕಾಲ ಶಕ್ತಿಯನ್ನು ಹೊತ್ತು ಕೂತವನ ಮೇಲೆ ಕಳ್ಳರ ಕಣ್ಣು ಬೀಳದಿರುತ್ತದೆಯೇ?

ಮತ್ತೆ ಕೊಡಕ್ಕೆ ಬರೋಣ. ಕೊಡಕ್ಕೆ ಒಂದು ತೂತಿದ್ದರೆ ಒಂದು ವೇಗ. ಇನ್ನೊಂದು ತೂತು ಬಿದ್ದರೆ ಎರಡರ ವೇಗ ಕೂಡುತ್ತದೆ. ಅಯಾನು ತಾನಾಗಿ ಬೆಳಕು ಸೂಸುವುದು ಮೊದಲ ತೂತು. ಉಳಿದವೆಲ್ಲ ಕಳ್ಳ ತೂತುಗಳು. ಒಟ್ಟು ವೇಗದಿಂದ ಬೆಳಕಿನ ವೇಗ ಕಳೆದರೆ ಕಳ್ಳತನದ ಪ್ರಮಾಣ ಸಿಕ್ಕಿತು. ಜಡ್ ಮತ್ತು ಒಫೆಲ್ಟ್‌ರ ಗಣಿತ ಬೆಳಕಿನ ಪಾಲನ್ನು ಲೆಕ್ಕ ಹಾಕಿಕೊಡುತ್ತಿತ್ತು. ಒಟ್ಟು ವೇಗವನ್ನು ಅಳೆಯುವುದು ಪ್ರಯೋಗಶಾಲೆಯ ಕೆಲಸ. 1960ರ ದಶಕದ ಹೊತ್ತಿಗೆ ತಿರುಗುವ ತಟ್ಟೆಗಳ ಬದಲು ಮಿಂಚುದೀಪ, ಕಣ್ಣಿನ ಬದಲು ಅತಿ ಮಂದ ಬೆಳಕನ್ನೂ ವಿದ್ಯುತ್ತಾಗಿ ಮಾರ್ಪಡಿಸುವ ಫೋಟೊಮಲ್ಟಿಪ್ಲೈಯರ್ ನಳಿಗೆ ಬಂದಿದ್ದವು. ಆಸಿಲೋಸ್ಕೋಪ್ ಪರದೆಯ ಮೇಲೆ ಇಳಿಯುವ ಗೆರೆ ಮೂಡುತ್ತಿತ್ತು. ಅದರ ಫೋಟೊ ತೆಗೆದು, ಲಾಗರಿದಮ್ ಹಾಳೆಯ ಮೇಲೆ ಚುಕ್ಕೆ ಇಟ್ಟು, ಅಡಿಕೋಲು ಹಿಡಿದು ಗೆರೆ ಎಳೆಯುವುದು. ಗೆರೆ ನೇರವಾಗಿ ಬಂದರೆ ಎಲ್ಲ ಅಯಾನುಗಳ ಪಾಡೂ ಒಂದೇ ಎಂದರ್ಥ. ಬಾಗಿದರೆ ಒಳಗೆ ಬೇರೇನೋ ನಡೆದಿದೆ. ಓರೆಯಿಂದ ಆಯುಷ್ಯ, ಬಾಗಿನಿಂದ ಕಳ್ಳನ ಗುರುತು.

ಮೊದಲ ಕಳ್ಳ ಹರಳಿನ ಕಂಪನ. ಗಾಜಿನಲ್ಲಾಗಲಿ ಹರಳಿನಲ್ಲಾಗಲಿ ಪರಮಾಣುಗಳು ಸುಮ್ಮನೆ ಕೂರುವುದಿಲ್ಲ, ಅದುರುತ್ತಿರುತ್ತವೆ. ಒಂದೊಂದು ವಸ್ತುವಿಗೂ ಅದರ ಅದುರುವಿಕೆಯ ಒಂದು ಗರಿಷ್ಠ ಕಂತು ಇದೆ. ಅಯಾನು ಇಳಿಯಬೇಕಾದ ಮೆಟ್ಟಿಲು ಚಿಕ್ಕದಾಗಿದ್ದು ಒಂದೆರಡು ಕಂತಿನಲ್ಲಿ ತೀರುವಂತಿದ್ದರೆ ಶಕ್ತಿಯೆಲ್ಲ ಕಂಪನಕ್ಕೆ ಹೋಯಿತು, ಬೆಳಕಿಲ್ಲ. ಆರೇಳು ಕಂತು ಬೇಕಾದರೆ ಅಷ್ಟು ಕಂತುಗಳು ಒಮ್ಮೆಗೇ ಕೂಡಿಬರುವುದು ಅಪರೂಪ. ಕಂತಿನ ಸಂಖ್ಯೆ ಹೆಚ್ಚಿದಂತೆ ಕಳ್ಳತನದ ವೇಗ ಪಟಪಟನೆ ಬೀಳುತ್ತದೆಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೈಸ್‌ಬರ್ಗ್ ಮತ್ತು ಮೂಸ್ 1968ರಲ್ಲಿ ತೋರಿಸಿದರು. ಮಾರ್ವಿನ್ ವೆಬರ್ ಬೇರೆ ಹರಳುಗಳಲ್ಲಿ ಇದನ್ನೇ ಅಳೆದ. ಆ ವಿಶ್ವವಿದ್ಯಾಲಯದಲ್ಲೇ ಗೆರ್‌ಹಾರ್ಡ್ ಡೀಕೆ ಎಂಬಾತ ಎಲ್ಲ ವಿರಳ ಭಸ್ಮ ಅಯಾನುಗಳ ಶಕ್ತಿಯ ಮೆಟ್ಟಿಲುಗಳನ್ನು ಒಂದೇ ನಕಾಶೆಯಲ್ಲಿ ಗುರುತಿಸಿದ್ದ. ಈ ಕ್ಷೇತ್ರದ ಪ್ರಯೋಗಶಾಲೆಗಳ ಗೋಡೆಗಳ ಮೇಲೆ ಅದರ ಪ್ರತಿ ಇಂದಿಗೂ ತೂಗುತ್ತದೆ.

ಎರಡನೆಯ ಕಳ್ಳ ನೀರು. ನೀರಿನ ಅಣುವಿನಲ್ಲಿ ಆಮ್ಲಜನಕಕ್ಕೆ ಅಂಟಿದ ಜಲಜನಕ ಬಲು ಚುರುಕಾಗಿ ಅದುರುತ್ತದೆ. ಅದರ ಕಂತು ದೊಡ್ಡದು. ಯುರೋಪಿಯಂನ ಮೆಟ್ಟಿಲು ಎತ್ತರವಾದದ್ದಾದರೂ ಸುಮಾರು ನಾಲ್ಕು ಕಂತಿಗೆ ಅದು ತೀರಿಹೋಗುತ್ತದೆ. ಜಲಜನಕದ ಬದಲು ಅದರ ಎರಡರಷ್ಟು ತೂಕದ ಸೋದರ ಡ್ಯೂಟೀರಿಯಂ ಇದ್ದರೆ, ಅಂದರೆ ಭಾರಜಲವಾದರೆ, ಅದುರುವಿಕೆ ನಿಧಾನ, ಕಂತು ಚಿಕ್ಕದು. ಆಗ ಐದು ಬೇಕಾಗುತ್ತದೆ. ಕೈಗಾ ಅಣುಸ್ಥಾವರದ ದೆಸೆಯಿಂದ ಭಾರಜಲ ಕನ್ನಡಿಗರಿಗೆ ಹೊಸ ಪದವೇನಲ್ಲ. ಒಂದೇ ಒಂದು ಕಂತು ಹೆಚ್ಚಾದರೆ ಏನು ಮಹಾ ಎನ್ನಬೇಡಿ. ಅಮೆರಿಕದ ಕ್ರಾಪ್ ಮತ್ತು ವಿಂಡ್ಸರ್ 1963ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾರಜಲದಲ್ಲಿ ಕರಗಿಸಿದ ಯುರೋಪಿಯಂ ಸಾದಾ ನೀರಿನಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಚೆನ್ನಾಗಿ ಬೆಳಗಿತು. ಸಾದಾ ನೀರಿನಲ್ಲಿ ಅದರ ಆಯುಷ್ಯ ಸುಮಾರು 0.11 ಮಿಲಿಸೆಕೆಂಡ್. ಭಾರಜಲದಲ್ಲಿ ಸುಮಾರು 4 ಮಿಲಿಸೆಕೆಂಡ್.

ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಹಾರಕ್ಸ್ ಮತ್ತು ಡೇನಿಯಲ್ ಸುಡ್ನಿಕ್ 1979ರಲ್ಲಿ ಇದನ್ನೇ ಉಪಾಯವಾಗಿ ತಿರುಗಿಸಿದರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಕಳ್ಳರ ಹಾವಳಿಯಿಂದ ಕಳ್ಳರ ಸಂಖ್ಯೆಯನ್ನೇ ಎಣಿಸಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅಯಾನಿಗೆ ಅಂಟಿಕೊಂಡ ಒಂದೊಂದು ನೀರಿನ ಅಣುವೂ ಸರಿಸುಮಾರು ಒಂದೇ ಗಾತ್ರದ ತೂತು. ಲೆಕ್ಕ ಹೈಸ್ಕೂಲ್ ಮಟ್ಟದ್ದು. ಒಂದನ್ನು 0.11ರಿಂದ ಭಾಗಿಸಿದರೆ 9.09, ಇದು ಸಾದಾ ನೀರಿನಲ್ಲಿ ಸೋರುವ ವೇಗ. ಒಂದನ್ನು ನಾಲ್ಕರಿಂದ ಭಾಗಿಸಿದರೆ 0.25, ಇದು ಭಾರಜಲದ್ದು. ಕಳೆದರೆ 8.84. ಇದನ್ನು 1.05 ಎಂಬ ಅಂಕಿಯಿಂದ ಗುಣಿಸಬೇಕು. ಎಷ್ಟು ನೀರಿನ ಅಣುಗಳಿವೆಯೆಂದು ಮೊದಲೇ ಗೊತ್ತಿರುವ ಹರಳುಗಳನ್ನು ಅಳೆದು ಕಂಡುಕೊಂಡ ಅಂಕಿ ಇದು. ಉತ್ತರ 9.3ರ ಆಸುಪಾಸು. ನೀರಿನಲ್ಲಿ ಯುರೋಪಿಯಂ ಸುತ್ತ ನಿಂತಿರುವ ಅಣುಗಳು ಒಂಬತ್ತು. ಯಾವ ಸೂಕ್ಷ್ಮದರ್ಶಕಕ್ಕೂ ಸಿಗದ ಅಣುಗಳನ್ನು ಬೆಳಕು ಆರುವ ಹೊತ್ತಿನಿಂದ ಎಣಿಸಿದ್ದಾಯಿತು!

ಇದರ ಉಪಯೋಗವೇನೆಂದರೆ, ದೇಹದ ಎಷ್ಟೋ ಪ್ರೋಟೀನುಗಳು ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತವೆ. ಕ್ಯಾಲ್ಸಿಯಂ ಹೊಳೆಯುವುದಿಲ್ಲ, ತನ್ನ ಬಗ್ಗೆ ಏನೂ ಹೇಳುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಯುರೋಪಿಯಂ ಅಥವಾ ಟರ್ಬಿಯಂ ಅದರ ಜಾಗದಲ್ಲಿ ಕೂತು ಸುತ್ತಲಿನ ಸುದ್ದಿ ಕೊಡುತ್ತದೆ. ಎಂ.ಆರ್.ಐ. ತಪಾಸಣೆಗೆ ಮುನ್ನ ಕೆಲವು ರೋಗಿಗಳಿಗೆ ಚುಚ್ಚುವ ಗ್ಯಾಡೋಲಿನಿಯಂ ಔಷಧದ ವಿಷಯದಲ್ಲೂ ಹಾಗೆಯೇ. ಗ್ಯಾಡೋಲಿನಿಯಂಗೆ ಎಷ್ಟು ನೀರಿನ ಅಣುಗಳು ಅಂಟುತ್ತವೆ ಎಂಬುದರ ಮೇಲೆ ಚಿತ್ರದ ಸ್ಪಷ್ಟತೆ ನಿಂತಿದೆ. ಹೊಸ ಔಷಧ ರೂಪಿಸುವವರು ಅದರ ಯುರೋಪಿಯಂ ತದ್ರೂಪ ಮಾಡಿ ಹಾರಕ್ಸ್ ಲೆಕ್ಕ ಹಾಕುತ್ತಾರೆ.

ಮೂರನೆಯ ಕಳ್ಳ ಪಕ್ಕದ ಮನೆಯವನೇ. ಯುರ್ಬೈನ್ ಕಂಡ ವಿಚಿತ್ರಕ್ಕೆ ಉತ್ತರ ಇಲ್ಲಿದೆ. ಉದ್ರಿಕ್ತ ಅಯಾನು ತನ್ನ ಶಕ್ತಿಯನ್ನು ಬೆಳಕಾಗಿಸದೆ ಸಮೀಪದ ಇನ್ನೊಂದಕ್ಕೆ ದಾಟಿಸಬಲ್ಲದೆಂದು ಜರ್ಮನಿಯ ಥಿಯೋಡರ್ ಫರ್ಸ್ಟರ್ 1948ರಲ್ಲಿ ಗಣಿತದಿಂದ ವಿವರಿಸಿದ. 1953ರಲ್ಲಿ ಅಮೆರಿಕದ ಡೆಕ್ಸ್‌ಟರ್ ಅದನ್ನು ಹರಳುಗಳಿಗೆ ವಿಸ್ತರಿಸಿದ. ದೂರ ಇಮ್ಮಡಿಯಾದರೆ ಈ ದಾಟುವಿಕೆ ಅರವತ್ತನಾಲ್ಕು ಪಟ್ಟು ಕುಗ್ಗುತ್ತದೆ. ಆದ್ದರಿಂದ ಅಯಾನುಗಳು ವಿರಳವಾಗಿದ್ದರೆ ತೊಂದರೆಯಿಲ್ಲ. ಒತ್ತೊತ್ತಾಗಿದ್ದರೆ ಶಕ್ತಿ ಒಬ್ಬರಿಂದೊಬ್ಬರಿಗೆ ಕೈಬದಲಾಗುತ್ತ, ಎಲ್ಲೋ ಒಂದು ಕಡೆ ಕಶ್ಮಲದ ಕೈಗೆ ಸಿಕ್ಕಿ ನಂದಿಹೋಗುತ್ತದೆ. ನಿಯೋಡಿಮಿಯಂನಲ್ಲಂತೂ ಕಶ್ಮಲವೂ ಬೇಡ. ಇಬ್ಬರು ನೆರೆಯವರು ಶಕ್ತಿಯನ್ನು ಅರ್ಧರ್ಧ ಹಂಚಿಕೊಂಡು ಇಬ್ಬರೂ ಕತ್ತಲಾಗುತ್ತಾರೆ. ಹೀಗಾದಾಗ ಲಾಗರಿದಮ್ ಹಾಳೆಯ ಗೆರೆ ಬಾಗುತ್ತದೆ. ನೆರೆಯವ ಹತ್ತಿರವಿರುವ ಅಯಾನುಗಳು ಮೊದಲು ಆರಿ, ಒಂಟಿಯಾಗಿರುವವು ಆಮೇಲೆ ಆರುವುದರಿಂದ. ಆ ಬಾಗಿನ ಸೂತ್ರವನ್ನು 1965ರಲ್ಲಿ ಇನೊಕುಟಿ ಮತ್ತು ಹಿರಯಾಮ ಬರೆದುಕೊಟ್ಟರು. 1964ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿ ಇಂದು ಕಾರ್ಖಾನೆಗಳಲ್ಲಿ ಉಕ್ಕು ಕೊರೆಯುವ, ಕಣ್ಣಾಸ್ಪತ್ರೆಗಳಲ್ಲಿ ಪೊರೆ ಛೇದಿಸುವ ನಿಯೋಡಿಮಿಯಂ-ಯಾಗ್ ಲೇಸರಿನ ಹರಳಿನಲ್ಲಿ ನಿಯೋಡಿಮಿಯಂ ಪ್ರಮಾಣ ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸು ಇರುವುದು ಜಿಪುಣತನದಿಂದಲ್ಲ.

ಈ ಅಳತೆಯೆಲ್ಲ ಪ್ರಯೋಗಶಾಲೆಯಿಂದ ಬೀದಿಗೆ ಬಂದದ್ದು ಟಿ.ವಿ.ಯ ಮೂಲಕ. ಮೊದಮೊದಲ ಬಣ್ಣದ ಟಿ.ವಿ.ಗಳಲ್ಲಿ ಕೆಂಪು ಸೊರಗಿತ್ತು. ಅದಕ್ಕೆ ಸರಿಹೊಂದಲು ಹಸಿರು, ನೀಲಿಯನ್ನೂ ಮಂಕಾಗಿಸಬೇಕಿತ್ತು. ಅಮೆರಿಕದ ಲೆವಿನ್ ಮತ್ತು ಪಲಿಲ್ಲಾ 1964ರಲ್ಲಿ ಇಟ್ರಿಯಂ ವೆನಡೇಟ್ ಹರಳಿಗೆ ಯುರೋಪಿಯಂ ಬೆರೆಸಿ ಕೆಂಪನ್ನು ಗೆದ್ದರು. ಪರದೆಗೆ ಬಳಿಯುವ ಪುಡಿ ಚೆನ್ನಾಗಿ ಹೊಳೆದರಷ್ಟೇ ಸಾಲದು, ಹೊತ್ತಿಗೆ ಸರಿಯಾಗಿ ಆರಲೂ ಬೇಕು. ಇಲ್ಲದಿದ್ದರೆ ಓಡುವ ಆಟಗಾರನ ಹಿಂದೆ ಕೆಂಪು ಬಾಲ ಉಳಿಯುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 50 ಸಲ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ ಪರದೆ ಗುಡಿಸುತ್ತಿತ್ತು. ಯುರೋಪಿಯಂನ ಒಂದು ಮಿಲಿಸೆಕೆಂಡ್ ಅದರೊಳಗೆ ಆರಾಮಾಗಿ ಹಿಡಿಸಿತು. ದೆಹಲಿ ಏಷ್ಯನ್ ಕ್ರೀಡಾಕೂಟದ 1982ನೇ ಇಸವಿಯಲ್ಲಿ ಬಣ್ಣದ ಟಿ.ವಿ. ಇದ್ದವರ ಮನೆಯ ಜಗಲಿಯಲ್ಲಿ ಊರೇ ಕುಕ್ಕರುಗಾಲಲ್ಲಿ ಕೂತು ನೋಡಿದ ಕೆಂಪು ಈ ಬಗೆಯ ಪುಡಿಗಳದ್ದು. ಆ ದಪ್ಪ ಗಾಜಿನ ಟಿ.ವಿ.ಗಳು ಈಗ ಗುಜರಿ ಸೇರಿವೆ.

ಎರ್ಬಿಯಂನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಆಯುಷ್ಯ ಹೆಚ್ಚಿದ್ದಷ್ಟೂ ಒಳ್ಳೆಯದು. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕಾಗಿ ಹರಿಯುವ ದೂರವಾಣಿ ಕರೆ, ಇಂಟರ್‌ನೆಟ್ ಸಂದೇಶ ಹತ್ತಾರು ಕಿಲೋಮೀಟರ್ ಸಾಗಿದ ಮೇಲೆ ಕ್ಷೀಣಿಸುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ 1987ರಲ್ಲಿ ತಂತಿಯ ತುಣುಕಿಗೇ ಎರ್ಬಿಯಂ ಬೆರೆಸಿ, ದಣಿದ ಬೆಳಕನ್ನು ಬೆಳಕಾಗಿಯೇ ಮತ್ತೆ ಬಲಗೊಳಿಸಿತು. ಬೆಲ್ ಪ್ರಯೋಗಶಾಲೆಯ ಇಮ್ಯಾನುಯೆಲ್ ಡೆಸುರ್‌ವೀರ್ ಕೂಡ ಅದೇ ಹೊತ್ತಿಗೆ ಅದನ್ನು ಸಾಧಿಸಿದ. ಸಿಲಿಕಾ ಗಾಜಿನಲ್ಲಿ ಎರ್ಬಿಯಂ ಸುಮಾರು 10 ಮಿಲಿಸೆಕೆಂಡ್ ಶಕ್ತಿ ಹೊತ್ತು ಕಾಯುತ್ತದೆ. ಸಂದೇಶ ಬಂದಾಗ ಕೊಡಲು ಗಂಟು ಸಿದ್ಧವಿರುತ್ತದೆ. ಗಾಜಿನ ಕಂಪನಕ್ಕೆ ಈ ಗಂಟು ಕದಿಯಲು ಆರು ಕಂತು ಬೇಕು. ಆದರೆ ಗಾಜಿನಲ್ಲಿ ನೀರಿನ ಪಸೆ ಉಳಿದಿದ್ದರೆ ಎರಡೇ ಕಂತು ಸಾಕು. ಆದ್ದರಿಂದ ಗಾಜು ಒಣಗಿಸುವುದೇ ಇಲ್ಲಿ ಒಂದು ದೊಡ್ಡ ವಿದ್ಯೆ. ಅಟ್ಲಾಂಟಿಕ್ ಸಾಗರದಡಿಯ ಕೇಬಲ್‌ಗಳಲ್ಲಿ 1990ರ ದಶಕದ ನಡುವಿನಿಂದ ಕೂತಿರುವುದು ಈ ಎರ್ಬಿಯಂ ತಂತಿಗಳೇ.

ಕೊನೆಯದಾಗಿ ಫಿನ್ಲೆಂಡಿನ ತುರ್ಕು ನಗರ. ಹುಟ್ಟಿದ ಮಗುವಿಗೆ ಥೈರಾಯ್ಡ್ ಗ್ರಂಥಿ ಕೆಲಸ ಮಾಡದಿದ್ದರೆ ನೋಡಲು ಏನೂ ತಿಳಿಯುವುದಿಲ್ಲ. ಮೊದಲ ವಾರಗಳಲ್ಲೇ ಪತ್ತೆಹಚ್ಚಿ ದಿನಕ್ಕೊಂದು ಮಾತ್ರೆ ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಬುದ್ಧಿ ಬೆಳವಣಿಗೆ ಕುಂಠಿತವಾಗಿ, ಅದನ್ನು ಸರಿಪಡಿಸುವುದು ಅಸಾಧ್ಯ. ಹಿಮ್ಮಡಿ ಚುಚ್ಚಿ ತೆಗೆದ ಒಂದು ತೊಟ್ಟು ರಕ್ತದಲ್ಲಿ ಅತ್ಯಲ್ಪ ಪ್ರಮಾಣದ ಹಾರ್ಮೋನ್ ಅಳೆಯಬೇಕು. ಹಾರ್ಮೋನಿಗೆ ಅಂಟುವ ವಸ್ತುವಿಗೆ ಹೊಳೆಯುವ ಗುರುತು ಕಟ್ಟಿದರಾಯಿತು. ಆದರೆ ರಕ್ತವೂ, ಪ್ಲಾಸ್ಟಿಕ್ ಬಟ್ಟಲೂ ತಾವೇ ಮಂದವಾಗಿ ಹೊಳೆದು ಆ ಗುರುತನ್ನು ಮುಳುಗಿಸುತ್ತವೆ. ವಾಲಾಕ್ ಕಂಪೆನಿಯ ಎರ್ಕಿ ಸೋಯ್ನಿ, ಇಲ್ಕಾ ಹೆಮ್ಮಿಲಾ ಮತ್ತಿತರರು 1980ರ ದಶಕದಲ್ಲಿ ಗುರುತಾಗಿ ಯುರೋಪಿಯಂ ಕಟ್ಟಿದರು. ಅದರ ಸುತ್ತಲಿನ ನೀರನ್ನು ಹೊರಗಟ್ಟಲು ಸಾಬೂನಿನಂಥ ವಸ್ತುವಿರುವ ವಿಶೇಷ ದ್ರಾವಣ ಹಾಕಿದರು. ಆಮೇಲೆ ಮಿಂಚುದೀಪ ಒಮ್ಮೆ ಮಿನುಗಿಸಿ, ಯಂತ್ರ 0.4 ಮಿಲಿಸೆಕೆಂಡ್ ಕಣ್ಣು ಮುಚ್ಚಿ ಕೂರುತ್ತದೆ. ರಕ್ತದ ಹೊಳಪು, ಪ್ಲಾಸ್ಟಿಕ್ಕಿನ ಹೊಳಪು ಎಲ್ಲ ಅಷ್ಟರಲ್ಲಿ ಸತ್ತಿರುತ್ತವೆ. ಆಗ ಕಣ್ಣು ತೆರೆದು ಮುಂದಿನ 0.4 ಮಿಲಿಸೆಕೆಂಡ್ ಎಣಿಸುತ್ತದೆ. ಕತ್ತಲಲ್ಲಿ ಉಳಿದಿರುವುದು ಯುರೋಪಿಯಂ ಒಂದೇ. ಬೆಕೆರೆಲ್‌ನ ಎರಡು ತಟ್ಟೆಗಳು ಮಾಡುತ್ತಿದ್ದುದೂ ಇದನ್ನೇ. ಹೀಗೆ ಸೆಕೆಂಡಿಗೆ ಸಾವಿರ ಸಲ ಮಿನುಗಿಸಿ, ಸಾವಿರ ಸಲ ಕಾದು, ಆ ಒಂದು ಸೆಕೆಂಡಿನ ಎಣಿಕೆಯನ್ನು ಯಂತ್ರ ಮಗುವಿನ ಚೀಟಿಯ ಸಂಖ್ಯೆಯ ಮುಂದೆ ದಾಖಲಿಸಿ ಪಕ್ಕದ ಬಟ್ಟಲಿಗೆ ಸರಿಯುತ್ತದೆ.